ಪೂವಮ್ಮನ ದುರ್ಬೀನು

ನನಗೆ ಮೂಗಿನ ತುದಿಯಲ್ಲೇ ಕೋಪ. ಪುತ್ತೂರು ಪೇಟೆಯಲ್ಲಿ ವಾಚು, ಕನ್ನಡಕ ರಿಪೇರಿಯ ನನ್ನ ಅಂಗಡಿಗೆ ಜನ ಹೆದರುತ್ತಲೇ ಬರುತ್ತಿದ್ದರು. ನಿಂತ ವಾಚನ್ನು ಸೂಜಿಯಿಂದ ಕೆದಕಿ ತಂದವರಿಗೆ ಮೊದಲು ಮಂಗಳಾರತಿ, ಆಮೇಲೆ ರಿಪೇರಿ.

೧೯೫೮ರಲ್ಲಿ, ಮಳೆ ಬಿಟ್ಟ ಮೇಲೆ, ಜಾಲ್ಸೂರಿನ ಪೂವಮ್ಮ ಅಂಗಡಿಗೆ ಬಂದರು. ಜೊತೆಗೆ ಆಲಂಕಾರಿನ ಸಂಕಪ್ಪ ರೈಗಳು, ಅವರ ಹೆಗಲ ಮೇಲೆ ಬೈರಾಸು ಬಟ್ಟೆಯಲ್ಲಿ ಸುತ್ತಿದ ಉದ್ದದ ಹಿತ್ತಾಳೆ ದುರ್ಬೀನು. ಪೂವಮ್ಮನ ಗಂಡ ದೇರಣ್ಣ ಗೌಡರು ಅದನ್ನು ಊರು ಬಿಟ್ಟು ಹೊರಟಿದ್ದ ಕೊಡಗಿನ ಕಾಫಿತೋಟದ ಬಿಳಿ ದೊರೆಯೊಬ್ಬನಿಂದ ಕೊಂಡಿದ್ದರಂತೆ. ಗೌಡರು ತೀರಿಕೊಂಡು ಏಳು ವರ್ಷವಾಗಿತ್ತು. ಮಕ್ಕಳಿಲ್ಲದ ಪೂವಮ್ಮ ಘಟ್ಟದ ಮೇಲಿನ ತಮ್ಮನ ಮನೆಗೆ ಹೊರಟು ನಿಂತಿದ್ದರು. ದುರ್ಬೀನು ಇನ್ನು ಗಂಡನ ಗೆಳೆಯ ರೈಗಳದ್ದು.

"ಕೊಡುವ ಮೊದಲು ನನಗೆ ಒಮ್ಮೆ ಇದರಲ್ಲಿ ಚಂದ್ರನನ್ನು ನೋಡ್ಬೇಕು ತ್ಯಾಂಪಣ್ಣ," ಎಂದರು ಪೂವಮ್ಮ. "ಅವರು ಅಂಗಳದಿಂದ ಕರೀತಿದ್ರು. ಅನ್ನ ಬೇಯ್ತಾ ಉಂಟು, ಆಮೇಲೆ ಬರ್ತೇನೆ ಅಂತ ನಾನು ಹೇಳುದು. ಹೋಗ್ಲೇ ಇಲ್ಲ. ಮೊನ್ನೆ ಕಣ್ಣಿಟ್ಟು ನೋಡಿದ್ರೆ ಬರೀ ಬೆಳ್ಳಗೆ ಕಾಣುದು."

ಮುಚ್ಚಳ ತೆಗೆದೆ. ಮುಂದಿನ ದೊಡ್ಡ ಗಾಜಿನ ತುಂಬ ಗೀರು. ನನ್ನ ಪಿತ್ತ ನೆತ್ತಿಗೇರಿತು.

"ಯಾವ ಪುಣ್ಯಾತ್ಮ ಮಾರಾಯ್ರೆ ಇದನ್ನು ತಿಕ್ಕಿದ್ದು? ಗಂಜಿ ಪಾತ್ರೆ ಅಂತ ಎಣಿಸಿದ್ದಾನಾ? ಗಾಜನ್ನು ಕುರುಡು ಮಾಡಿ ಇಟ್ಟಿದ್ದಾನೆ!"

"ನಾನೇ," ಎಂದರು ಪೂವಮ್ಮ. "ವರ್ಷಕ್ಕೊಮ್ಮೆ ತೀರಿಹೋದ ಹಿರಿಯರಿಗೆ ಬಡಿಸುವಾಗ ಯಜಮಾನ್ರ ಎಲೆಯ ಹತ್ರ ಇದನ್ನು ಇಡುದು. ಉಣ್ಲಿಕ್ಕೆ ಬಂದಾಗ ಅವರು ನೋಡ್ಲಿ ಅಂತ. ದೀಪ ತಿಕ್ಕುವಾಗ ಇದನ್ನೂ ಹುಣಸೆಹುಳಿ, ಬೂದಿ ಹಾಕಿ ತಿಕ್ಕುದು. ಗಾಜನ್ನೂ."

ರೈಗಳು ರಸ್ತೆಯ ಕಡೆ ನೋಡಿದರು. ಪೂವಮ್ಮ ಗಾಜಿನ ಮೇಲೆ ಬೆರಳಾಡಿಸಿದರು.

"ಹಾಗಾದ್ರೆ ಅವರಿಗೆ? ಇಷ್ಟು ವರ್ಷ ಬಂದು, ಎಂತದೂ ಕಾಣದೆ ಹೋದ್ರಾ?"

ನಾನು ಅಳತೆಪಟ್ಟಿ ತೆಗೆದು ಗಾಜಿನ ಅಗಲ ಅಳೆದೆ.

ಮದರಾಸಿನಿಂದ ಗಾಜು ತರಿಸಿದೆ. ನೆಗ್ಗಿದ ಕೊಳವೆಯೊಳಗೆ ಮರದ ಕೋಲು ತೂರಿಸಿ ತಟ್ಟಿ ಸರಿ ಮಾಡಿದೆ. ತುಕ್ಕು ಹಿಡಿದ ತಿರುಪುಗಳು ಸೀಮೆಎಣ್ಣೆ ಕುಡಿದು ಕುಡಿದು ಕೊನೆಗೆ ಸಡಿಲವಾದವು. ಹೊಸ ಗಾಜು ಬಿಂಬ ಮೂಡಿಸುವ ದೂರ ಹಳೆಯದಕ್ಕಿಂತ ಕಡಿಮೆ, ಹಾಗಾಗಿ ಕೊಳವೆಯನ್ನು ಒಂದಿಷ್ಟು ಕೊಯ್ಯಲೇಬೇಕಾಯಿತು. ಗೌಡರ ಹಿತ್ತಾಳೆಗೆ ಗರಗಸ ಹಾಕುವಾಗ ನನಗೆ ನಿಜಕ್ಕೂ ಸಂಕಟವಾಯಿತು. ಕೆಲಸ ಮುಗಿಸಿ ಬಾಗಿಲಲ್ಲಿ ನಿಂತು ನೋಡಿದರೆ ಬೀರಮಲೆ ಗುಡ್ಡದ ಮರಗಳ ಎಲೆ ಎಲೆಯೂ ಕಂಡಿತು.

ಪೂವಮ್ಮ ಊರು ಬಿಡುವ ಮುನ್ನಾದಿನ ರೈಗಳ ಜೊತೆ ನಾನೂ ಜಾಲ್ಸೂರಿಗೆ ಹೋದೆ. ಹೊತ್ತು ಮುಳುಗಿದ ಮೇಲೆ ಅಂಗಳದಲ್ಲಿ ದುರ್ಬೀನು ನಿಲ್ಲಿಸಿ, ತದಿಗೆಯ ಚಂದ್ರನಿಗೆ ಗುರಿಯಿಟ್ಟೆ. ಎಂಥ ಚಂದ! ಅವನ ಅಂಚಿನ ಗುಡ್ಡಗಳ ನೆರಳು ಕೂಡ ಕಾಣುತ್ತಿತ್ತು.

"ಬನ್ನಿ ಪೂವಮ್ಮ, ಬೇಗ!"

ಅವರು ಬಂದರು, ಕೈಯಲ್ಲಿ ಬಾಳೆಎಲೆ. ಅದರಲ್ಲಿ ರೊಟ್ಟಿ, ಕೋಳಿ ಪದಾರ್ಥ. ದುರ್ಬೀನಿನ ಬುಡದಲ್ಲಿಟ್ಟು ಕೈಮುಗಿದರು.

"ಇವತ್ತು ಬಡಿಸುವ ದಿನ ಅಲ್ಲವಲ್ಲ ಅಕ್ಕ," ಎಂದರು ರೈಗಳು.

"ಆ ದಿನ ಅಮಾಸೆ. ಚಂದ್ರ ಎಲ್ಲಿಂದ ಬರುದು? ಮೊದಲು ಅವರು ನೋಡ್ಲಿ."

ಬಡಿಸಿದ ಮೇಲೆ ಸತ್ತವರನ್ನು ಅವರಷ್ಟಕ್ಕೆ ಬಿಟ್ಟು ಬಾಗಿಲು ಹಾಕಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಅಂಗಳವನ್ನು ಗೌಡರಿಗೆ ಬಿಟ್ಟು ನಾವು ಮೂವರೂ ಒಳಗೆ ಕೂತೆವು. ಚಂದ್ರ ದುರ್ಬೀನಿನೊಳಗೆ ನಿಲ್ಲುವುದು ಒಂದೆರಡು ನಿಮಿಷ, ಆಮೇಲೆ ಅದು ಬರಿಯ ಆಕಾಶವನ್ನು ನೋಡುತ್ತಿರುತ್ತದೆ. ಅದನ್ನು ನಾನು ಬಾಯಿಬಿಡಲಿಲ್ಲ. ಆದರೆ ಸುಮ್ಮನಿರುವ ಜಾತಿಯೇ ನಾನು?

"ಪೂವಮ್ಮ, ಚಂದ್ರ ಗುಡ್ಡದ ಹಿಂದೆ ಇಳೀತಾನೆ. ಮತ್ತೆ ನಿಮಗೆ ಸಿಗುದಿಲ್ಲ."

"ಇಳೀಲಿ," ಎಂದರು. ಕದಲಲಿಲ್ಲ.

ಅವರು ಬಾಗಿಲು ತೆರೆದಾಗ ಚಂದ್ರ ಇರಲಿಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು.

"ನೀವು ನೋಡ್ಲೇ ಇಲ್ಲವಲ್ಲ!"

ಪೂವಮ್ಮ ಬಗ್ಗಿ ಎಲೆ ಎತ್ತಿಕೊಂಡರು.

"ಏಳು ವರ್ಷದ್ದು ನೋಡ್ಲಿಕ್ಕೆ ಉಂಟಲ್ಲ ಅವರಿಗೆ. ಸಾಕು, ಏಳಿ ಅಂತ ನಾನು ಹೇಗೆ ಹೇಳುದು?"