ಕೌಂಟರಿನಲ್ಲಿ ಒತ್ತಾಯ

ಹೆಬ್ರಿಯ ವಸಂತಿಯಮ್ಮ ಬರೀ ಒಂದು ಲೋಟ ಕಾಫಿ ಕುಡಿದು ಮೊದಲ ಬಸ್ಸಿಗೆ ಹೊರಟವರು. ಮಣಿಪಾಲದ ಆಸ್ಪತ್ರೆಯಲ್ಲಿ ತಂಗಿಯನ್ನೂ ಅವಳ ಹಸುಗೂಸನ್ನೂ ನೋಡಿ ಹೊರಗೆ ಬರುವಾಗ ಗಂಟೆ ಒಂದು. ಒಂದೂವರೆಯ ಬಸ್ಸು ತಪ್ಪಿದರೆ ಮತ್ತೆ ನಾಲ್ಕಕ್ಕೇ. ಹಸಿವಿನಿಂದ ಕಣ್ಣು ಕತ್ತಲೆ ಬರುತ್ತಿತ್ತು. ಎದುರಿಗೇ ಒಂದು ಹೋಟೆಲು. ಆ ಎಂಬತ್ತೆರಡನೇ ಇಸವಿಯಲ್ಲಿ ಹೊಸದಾಗಿ ಬಂದ ಕ್ರಮದ್ದು: ಕೌಂಟರಿನಲ್ಲಿ ಕೇಳಿ ತೆಗೆದುಕೊಳ್ಳುವುದು, ನಿಂತೇ ತಿನ್ನುವುದು.

ಸರದಿ ಬಂತು. ಕೌಂಟರಿನಲ್ಲಿದ್ದ ಶೀನ ಹದಿನೈದು ವರ್ಷ ಬೊಂಬಾಯಿಯಲ್ಲಿ ದುಡಿದು ಆಗಷ್ಟೇ ಊರಿಗೆ ಬಂದವನು. ಕೈಯೂ ಚುರುಕು, ಬಾಯಿಯೂ ಚುರುಕು.

“ಎಂತ ಬೇಕು ಅಕ್ಕ?”

“ಅಯ್ಯೋ, ಎಂತ ಬೇಡ,” ಎಂದರು ವಸಂತಿಯಮ್ಮ.

ಬೇರೇನು ಹೇಳಿಯಾರು? ಮರ್ಯಾದಸ್ಥರ ಮನೆಯ ಹೆಂಗಸು ಕೇಳಿದ ಕೂಡಲೇ ಬೇಕು ಎನ್ನುವುದುಂಟೇ? ಎರಡು ಸಲ ಬೇಡ ಎನ್ನಬೇಕು, ಕೊಡುವವರು ಒತ್ತಾಯಿಸಬೇಕು, ಮೂರನೆಯ ಸಲ ಸೋಲಬೇಕು. ನೆಂಟರಿಷ್ಟರ ಮನೆಯಲ್ಲಿ ಅವರು ನಲವತ್ತೈದು ವರ್ಷ ಹೀಗೆಯೇ ಹೊಟ್ಟೆ ತುಂಬಿಸಿಕೊಂಡವರು. ಆದರೆ ಶೀನ, “ಹಾಗಾದರೆ ಬದಿಗೆ ನಿಲ್ಲಿ,” ಎಂದು ಹಿಂದಿನವರನ್ನು ಕರೆದೇಬಿಟ್ಟ!

ಇವನಿಗೆ ಮನೆಯಲ್ಲಿ ಯಾರೂ ಏನೂ ಕಲಿಸಲಿಲ್ಲವೇ ಎಂದು ಸಿಡಿಮಿಡಿಗೊಳ್ಳುತ್ತ ಅವರು ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತರು. ಈ ಸಲ ಬೇಕು ಎಂದೇ ಹೇಳುವುದೆಂದು ನಿರ್ಧಾರ ಮಾಡಿದ್ದರು. ಬಾಯಿ ಕೇಳಬೇಕಲ್ಲ!

“ಎಂತ ಅಕ್ಕ?”

“ಬೇಡಪ್ಪ, ಸುಮ್ಮನೆ ನಿಮಗೆಲ್ಲ ತೊಂದರೆ.”

ಶೀನ ತಲೆ ಕೆರೆದುಕೊಂಡ. ವಸಂತಿಯಮ್ಮ ಮಾತ್ರ ಕದಲಲಿಲ್ಲ. ಕಣ್ಣು ಗೋಳಿಬಜೆಯ ತಟ್ಟೆಯ ಮೇಲೆಯೇ ಇತ್ತು. ಬಸ್ಸಿಗೆ ಇನ್ನು ಹದಿನೈದು ನಿಮಿಷ. ಅಳುವೇ ಬರುವಂತಾಯಿತು.

ಹಿಂದೆ ನಿಂತಿದ್ದ ಸಂತೆಕಟ್ಟೆಯ ಕಾನ್ಸೆಪ್ಟಾ ಬಾಯಿ ಎಂಬ ಹೆಂಗಸಿಗೆ ವಿಷಯ ಹೊಳೆಯಿತು.

“ಒಂದೇ ಸಲ ಕೇಳಿ ಬಿಡುವುದಾ ಮಾರಾಯ? ಒತ್ತಾಯ ಮಾಡು!”

“ಹೋಟೆಲಿನಲ್ಲಿ ಒತ್ತಾಯವಾ?” ಎಂದ ಶೀನ.

“ಮತ್ತೆ? ಅವರು ಹಸಿದುಕೊಂಡು ಹೋಗಬೇಕಾ?”

ಶೀನ ಕೈ ಮುಗಿದ. “ಅಕ್ಕ, ಹಾಗೆ ಹೇಳಬಾರದು. ಸ್ವಲ್ಪವಾದರೂ ತಿನ್ನಲೇಬೇಕು.”

ಸಾಲಿನಲ್ಲಿದ್ದ ಕಾಲೇಜು ಹುಡುಗರೂ ದನಿಗೂಡಿಸಿದರು. “ತಿನ್ನಿ ಅಮ್ಮ, ನಮಗೋಸ್ಕರ!”

ವಸಂತಿಯಮ್ಮನ ಮುಖ ಅರಳಿತು. ಸೆರಗು ಸರಿಮಾಡಿಕೊಂಡರು.

“ಇಷ್ಟು ಹೇಳುವಾಗ ಬೇಡ ಎನ್ನುವುದು ಹೇಗೆ? ಎರಡು ಪ್ಲೇಟ್ ಇಡ್ಲಿ, ಒಂದು ಪ್ಲೇಟ್ ಗೋಳಿಬಜೆ, ಚಿತ್ರಾನ್ನ, ಮೊಸರನ್ನ, ಮತ್ತೆ ಒಂದು ಕಾಫಿ.”

ಶೀನ ಬಾಯಿ ತೆರೆದ. “ಇಷ್ಟೂ ಒಬ್ಬರಿಗಾ ಅಕ್ಕ?”

“ನನಗೆ ಹಸಿವೇ ಇರಲಿಲ್ಲ,” ಎಂದರು ವಸಂತಿಯಮ್ಮ, “ನೀವು ಬಿಡಬೇಕಲ್ಲ!”