ಗುರಶಿದ್ದನ ರೆಪ್ಪೆ ಮೇಲಿನ ಟವೆಲ್ಲು

ನಾನು ಒಂದು ಬಿಳಿ ಟವೆಲ್ಲು. ಮಗ್ಗದ ಗದ್ದಲದಲ್ಲಿ ಹುಟ್ಟಿದವನು. ಗುರಶಿದ್ದ ಬಸ್‌ಸ್ಟ್ಯಾಂಡಿನ ಎದುರು ಕಟಿಂಗ್ ಶಾಪು ತೆರೆದಾಗ, ಅವನ ಅಣ್ಣನ ಹೆಂಡತಿ ನೀಲವ್ವ ನನ್ನನ್ನು ಸಂತೆಯಲ್ಲಿ ಆರಿಸಿ ತಂದಳು. ಗುರಶಿದ್ದ ನನ್ನನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಗಡ್ಡ ಕೆರೆದ ಮುಖಗಳಿಗೆ ಒತ್ತುತ್ತಿದ್ದ. ಅದೇ ನನ್ನ ಕೆಲಸ.

ಒಂದು ದಿನ ಅಣ್ಣ ಬಂದು, ಬಸುರಿ ನೀಲವ್ವನಿಗೆ ಕೊಡು ಎಂದು ಪೇಡೆ ಪೊಟ್ಟಣ ಇಟ್ಟುಹೋದ. ಗುರಶಿದ್ದ ಒಂದು ತಿಂದ. ಒಂದು ಎರಡಾಯಿತು, ಪೊಟ್ಟಣ ಖಾಲಿ. ಬಾಯಿ ಒರೆಸಿಕೊಂಡಿದ್ದು ನನ್ನಿಂದಲೇ. ಥೂ, ನನ್ನ ಬಾಳೇ!

ಮುಂದಿನ ವಾರ ಅವನ ರೆಪ್ಪೆಗಳು ಬಾತು, ಅಂಚಿಗೆ ಗೀಜು ಕಟ್ಟಿತು. ನೊರೆ ಹಚ್ಚಿಸಿಕೊಂಡು ಕೂತಿದ್ದ ಫಕೀರಪ್ಪ ಮಾಸ್ತರರು ಕನ್ನಡಿಯಲ್ಲಿ ಅದನ್ನು ಕಂಡು ಎದ್ದೇಬಿಟ್ಟರು.

"ಕಣ್ಣ ತಿಕ್ಕಿದ ಕೈಲೆ ನನ್ನ ಮಾರಿ ಮುಟ್ತೀಯೇನಲೇ? ಬಸುರಿಗೆ ಕೊಡದ ಏನ್ ತಿಂದಿ? ಅದಕ್ಕ ಹಿಂಗ ಬಾತೈತಿ!"

ಬಸುರಿಗೆ ಕೊಡದೆ ತಿಂದವರ ಕಣ್ಣು ಬಾಯುತ್ತದೆ ಎಂದು ನಮ್ಮ ಕಡೆ ಹೇಳುವುದುಂಟು. ಕೂತವರೆಲ್ಲ ನಕ್ಕರು, ನಕ್ಕು ಎದುರಿನ ಅಂಗಡಿಗೆ ಹೋದರು. ಮರುದಿನವೂ ಕುರ್ಚಿ ಖಾಲಿ.

ಗುರಶಿದ್ದ ತೋರಿಸಿಕೊಳ್ಳಲು ಹೋದರೆ ಡಾಕ್ಟರು ಬಸುರಿ ಮಾತೇ ಎತ್ತಲಿಲ್ಲ. ರೆಪ್ಪೆಯಂಚಿನ ಎಣ್ಣೆ ಗ್ರಂಥಿಗಳ ಬಾಯಿ ಕಟ್ಟಿದೆ, ಬೆಚ್ಚಗಿನ ಬಟ್ಟೆ ಇಡು, ಮೆಲ್ಲಗೆ ನೀವಿ ಒರೆಸು, ಬಿಡದೆ ಮಾಡು ಎಂದರಂತೆ.

"ಊರ ಮಂದಿ ಮಾರಿಗೆಲ್ಲಾ ಇಡೋದು ಇದನ್ನ! ಇದಕ್ಯಾಕ ಡಾಕ್ಟರ್?" ಎಂದು ಗುರಶಿದ್ದ ನನ್ನನ್ನು ಗೋಡೆಗೆ ಎಸೆದ. ಸಿಟ್ಟು ಯಾರ ಮೇಲೆ ಎಂದು ನನಗೆ ಗೊತ್ತಿತ್ತು.

ಬುತ್ತಿ ತಂದ ನೀಲವ್ವ ಖಾಲಿ ಅಂಗಡಿ ನೋಡಿದಳು. ನನ್ನನ್ನು ಹೆಕ್ಕಿ, ಸೋಪು ಹಚ್ಚಿ ತೊಳೆದು, ಕುದಿಸಿದಳು. ಗಿರಾಕಿಯ ಕುರ್ಚಿಯಲ್ಲಿ ಅವನನ್ನು ಕೂರಿಸಿ, ನನ್ನ ಬಿಸಿಯನ್ನು ಮೊದಲು ತನ್ನ ಕೆನ್ನೆಗೆ ಒತ್ತಿ ನೋಡಿಕೊಂಡಳು.

"ವೈನಿ, ಬ್ಯಾಡ. ನಾನ ಇಟ್ಕೋತೀನಿ."

"ಸುಮ್ನ ಕಣ್ಣ ಮುಚ್ಚು."

ಮುಚ್ಚಿದ. ಆಮೇಲೆ ಕೇಳಿದಳು: "ಪೇಡೆ ಹೆಂಗಿದ್ವು ಅಂತ ನಿಮ್ಮಣ್ಣ ಕೇಳಿದ್ರು. ಭಾಳ ರುಚಿ ಇದ್ವು ಅಂದೀನಿ. ಖರೇನ ಇದ್ವೇನಪಾ?"

ನನ್ನ ಕೆಳಗೆ ಅವನ ರೆಪ್ಪೆ ನಡುಗಿತು. ಅವಳು ಆರಿದ ನನ್ನನ್ನು ಮತ್ತೆ ಬಿಸಿನೀರಿಗೆ ಅದ್ದಿದಳು.

ದಿನಾ ಬಂದಳು. ಬಾವು ಇಳಿಯಿತು, ಗಿರಾಕಿಗಳು ಬಂದರು, ಮಾಸ್ತರರೂ ಬಂದರು. ಅಂದಿನಿಂದ ನಾನು ಗುರಶಿದ್ದನ ಕಣ್ಣಿಗೆ ಮಾತ್ರ ಮೀಸಲು. ಈಗ ಸವೆದು ಜಾಳಾಗಿ, ನೀಲವ್ವನ ಅಡುಗೆಮನೆಯ ಮೊಳೆಗೆ ನೇತುಬಿದ್ದಿದ್ದೇನೆ. ಅವನು ಪೇಡೆ ತಂದಾಗೆಲ್ಲ ಪೊಟ್ಟಣದ ದಾರವನ್ನೂ ಬಿಚ್ಚದೆ ನೀಲವ್ವನ ಮುಂದಿಡುವುದನ್ನು ಇಲ್ಲಿಂದಲೇ ನೋಡುತ್ತೇನೆ. ರೆಪ್ಪೆ ಹಗುರಾಗಿ ಎಷ್ಟೋ ವರ್ಷವಾಯಿತು. ಅವಳೆದುರು ಮಾತ್ರ ಅವನು ಅದನ್ನು ಎತ್ತುವುದಿಲ್ಲ.