ಛತ್ರಿ ಜೇಕು ಮತ್ತು ಜಯಕ್ಕನ ಕೈ

ಹೊಳಲ್ಕೆರೆಯ ಓಬಳೇಶಪ್ಪ ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾದ ಮೇಲೆ ಉಳಿದ ಆಯುಸ್ಸನ್ನು ದೇವರ ಧ್ಯಾನದಲ್ಲಿ ಕಳೆಯಬೇಕೆಂದುಕೊಂಡಿದ್ದ. ಧ್ಯಾನವೇನೋ ನಡೆಯುತ್ತಿತ್ತು. ಆದರೆ ಮಂಗಳಾರತಿ ಮುಗಿದೊಡನೆ ಬಾಯಿ ತಾನಾಗಿ "ರೈಟ್!" ಎಂದುಬಿಡುತ್ತಿತ್ತು. ಬೀದಿಯ ಗಣಪನ ಗುಡಿಯ ಪೂಜಾರಿ ಮೊದಮೊದಲು ಬೆಚ್ಚಿಬಿದ್ದ. ಆಮೇಲೆ ಅದೂ ಮಂತ್ರದ್ದೇ ಬಾಲವೆಂದು ಒಪ್ಪಿಕೊಂಡು, ಓಬಳೇಶಪ್ಪ ರೈಟ್ ಅನ್ನುವವರೆಗೆ ಆರತಿ ತಟ್ಟೆ ಕೆಳಗಿಡುತ್ತಿರಲಿಲ್ಲ. ಎಷ್ಟೋ ವರ್ಷ ಮಾಡಿದ ಕೆಲಸ ಮೈಯೊಳಗೆ ಎಲ್ಲೋ ಒಂದು ಕಡೆ ಗೂಡು ಕಟ್ಟಿರುತ್ತದೆ, ಮಾಲೀಕನನ್ನು ಕೇಳಿ ಹೊರಗೆ ಬರುವುದಿಲ್ಲ.

ತೊಂಬತ್ತೆಂಟನೇ ಇಸವಿಯ ಕಾರ್ತಿಕದಲ್ಲಿ ಪಕ್ಕದ ಮನೆಯ ಮಹಮೂದಾ ಒಂದು ಹಳೆಯ ತುಪ್ಪದ ಡಬ್ಬವನ್ನು ಕೂಸಿನಂತೆ ಕಂಕುಳಲ್ಲಿಟ್ಟುಕೊಂಡು ಬಂದಳು. ಆಕೆಯ ಗಂಡ ಸುಭಾನ್ ಪೇಟೆಯಲ್ಲಿ ಹಾಸಿಗೆ ಹೊಲಿಯುವವನು. ಮಗಳು ಅಸ್ಫಿಯಾಗೆ ಹಿರಿಯೂರಿನಲ್ಲಿ ದಿನ ತುಂಬಿದ್ದವು.

"ಓಬಳೇಶಣ್ಣ, ಮಗಳ ಬಾಣಂತನ ಮುಗಿಸ್ಕೊಂಡು ಬರ್ತೀನಿ. ಅಲ್ಲೀವರೆಗೂ ಇದು ನಿಮ್ಮ ಜವಾಬ್ದಾರಿ. ನಮ್ಮನೆಯವರ ಕೈಗೆ ಕೊಟ್ರೆ ಇದರ ಮೇಲೆ ಅರಳೆ ಒಣಗಾಕ್ತಾರೆ."

ಡಬ್ಬದೊಳಗೆ ಮೊಣಕಾಲೆತ್ತರದ ಹಸಿರು ಕಡ್ಡಿಗಳು. ಒಂದೊಂದರ ತುದಿಯಲ್ಲೂ ಸುತ್ತ ಹರಡಿದ ಉದ್ದುದ್ದ ಎಲೆಗಳು, ಬಿಚ್ಚಿ ಹಿಡಿದ ಛತ್ರಿಗಳ ಹಾಗೆ.

"ಶಿವಮೊಗ್ಗದಾಗೆ ನಮ್ಮ ಅಮ್ಮಿ ಹಾಕಿದ್ದ ಗಿಡ. ಈಗ ಅಮ್ಮಿನೂ ಇಲ್ಲ, ಆ ಮನೆನೂ ಇಲ್ಲ. ಇದೊಂದೇ ಐತೆ," ಎಂದಳು ಮಹಮೂದಾ. "ಬ್ಯಾರೆ ಗಿಡದಂಗಲ್ಲ ಇದು. ಕಾಲು ಸದಾ ನೀರಾಗೇ ಇರಬೇಕು. ಬಿಸಿಲು ಅರ್ಧ, ನೆಳ್ಳು ಅರ್ಧ. ಎಲೆ ಹಳದಿ ಆದ್ರೆ ಬುಡದಾಗೆ ಕತ್ತರಿಸ್ರಿ."

"ನೀನು ಬರೋವಾಗ ಹೆಂಗೈತೋ ಹಂಗೇ ಇರ್ತೈತೆ, ತಂಗಿ. ಗಣಪನ ಆಣೆ," ಎಂದ ಓಬಳೇಶಪ್ಪ. ನಿಂತುಕೊಂಡು ಬಂದ ಪ್ರಯಾಣಿಕರನ್ನೂ ಗೌರವದಿಂದ ಊರು ಮುಟ್ಟಿಸಿದವನು ಅವನು. ಆಡಿದ ಮಾತು ಅವನಿಗೆ ಹರಿದು ಕೊಟ್ಟ ಟಿಕೆಟ್ಟಿನಂತೆ, ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ.

ಡಬ್ಬವನ್ನು ನೀರಿನ ತಟ್ಟೆಯಲ್ಲಿಟ್ಟು ಹಿತ್ತಲ ಜಗಲಿಯ ಮೇಲೆ ಕೂರಿಸಿದ. ದಿನಾ ನೀರು ಹಾಕಿ "ರೈಟ್" ಅಂದ. ಆದರೆ ನೋಡುತ್ತ ನೋಡುತ್ತ ಒಂದು ಸಂಶಯ ಹುಟ್ಟಿತು. ಈ ಮುಖವನ್ನು ಎಲ್ಲೋ ಕಂಡಿದ್ದೇನೆ. ಮಾರನೆಯ ದಿನ ಗಣಪನಿಗೆ ಗರಿಕೆ ಏರಿಸುವಾಗ ಹೊಳೆಯಿತು. ಗರಿಕೆ ಆಯುವಾಗ ನಡುವೆ ಬಂದು ತಲೆ ತಿನ್ನುವ ಜೇಕು! ಎಷ್ಟು ಕಿತ್ತರೂ ಮಣ್ಣಿನೊಳಗಿನ ಗೆಡ್ಡೆಯಿಂದ ಮತ್ತೆ ಏಳುವ ಹೊಲದ ಕಳೆ. ಆ ಕಳೆಗೂ ಈ ಗಿಡಕ್ಕೂ ಅಣ್ಣತಮ್ಮಂದಿರ ಹೋಲಿಕೆ.

"ಅಪ್ಪಾ, ಗರಿಕೆ ನಿನ್ನ ತಲೆ ಮೇಲೆ, ಜೇಕು ರೈತನ ತಲೆ ಮೇಲೆ. ಇದ್ಯಾವ ನ್ಯಾಯ?" ಎಂದು ಕೇಳಿದ. ಗಣಪ ಎಂದಿನಂತೆ ಹೊಟ್ಟೆ ತುಂಬಿದವರ ನಗೆ ನಕ್ಕ.

ಇಷ್ಟರಲ್ಲೇ ಧರ್ಮಪುರದಿಂದ ಓಬಳೇಶಪ್ಪನ ಅಕ್ಕ ಜಯಕ್ಕ ಬಂದಿಳಿದಳು, ಶೇಂಗಾ ಕೀಳುವ ಕೆಲಸ ಮುಗಿಸಿ, ಅರ್ಧ ಚೀಲ ಶೇಂಗಾ ಹೊತ್ತುಕೊಂಡು. ಅವಳ ಆಯುಸ್ಸೆಲ್ಲ ಜೇಕು ಕೀಳುವುದರಲ್ಲೇ ಸವೆದಿತ್ತು. ಎಲ್ಲಿ ಕುಂತರೂ ಕೈ ನೆಲ ತಡವುತ್ತಿತ್ತು. ಒಮ್ಮೆ ಮದುವೆಯ ಚಪ್ಪರದಲ್ಲಿ ಕುಳಿತವಳು ಮಾತಾಡುತ್ತಲೇ ಸುತ್ತಲ ಜೇಕು ಕಿತ್ತಿದ್ದಳು. ಗಟ್ಟಿಮೇಳ ಮೊಳಗಿದಾಗ ಎಲ್ಲರ ಮುಷ್ಟಿಯಿಂದ ಅಕ್ಷತೆ ಹಾರಿತು, ಜಯಕ್ಕನ ಮುಷ್ಟಿಯಿಂದ ಜೇಕು ಹಾರಿ ಮದುಮಗನ ಪೇಟದ ಮೇಲೆ ಕೂತಿತು. ಆ ದಂಪತಿಗೆ ಈಗ ಏಳು ಮಕ್ಕಳು.

ಹಿತ್ತಲಿಗೆ ಕಾಲಿಟ್ಟವಳೇ ನಿಂತುಬಿಟ್ಟಳು.

"ಲೇ ಓಬಳೇಶ! ಮನ್ಯಾಗೆ ಜೇಕು ಸಾಕೀಯಲ್ಲೋ! ನಾಳೆ ಹೆಗ್ಗಣ ತಂದು ಗೂಟಕ್ಕೆ ಕಟ್ತೀಯೇನು?"

"ಅಕ್ಕಾ, ಅದು ಛತ್ರಿ ಗಿಡ. ಶಿವಮೊಗ್ಗದ್ದು."

"ಶಿವಮೊಗ್ಗದ ಜೇಕು ಅನ್ನು." ಜಯಕ್ಕ ಒಂದು ಕಡ್ಡಿಯನ್ನು ಬೆರಳ ನಡುವೆ ಹೊರಳಿಸಿದಳು. "ನೋಡು, ಮೂರು ಮೂಲೆ ಐತೆ. ಹುಲ್ಲಾಗಿದ್ರೆ ದುಂಡಗಿರ್ತಿತ್ತು. ಇದರ ಕುಲ ನಂಗೆ ಹೇಳ್ಕೊಡ್ತೀಯ?"

"ಕುಲ ಯಾವುದಾದ್ರೂ ಇರಲಿ, ಮುಟ್ಟಬ್ಯಾಡ. ಮಹಮೂದಾನ ತಾಯಿ ನೆನಪು ಅದು. ನಾನು ಆಣೆ ಮಾಡೀನಿ."

"ನಾನ್ಯಾಕಪ್ಪ ಮುಟ್ಟಲಿ?" ಎಂದಳು ಜಯಕ್ಕ. ಸ್ವಲ್ಪ ಯೋಚಿಸಿ, "ಆದ್ರೆ ಕೈ ಪರವಾಗಿ ನಾನು ಮಾತು ಕೊಡಾಕಾಗಲ್ಲ," ಎಂದೂ ಸೇರಿಸಿದಳು.

ಓಬಳೇಶಪ್ಪ ಒಂದು ಉಪಾಯ ಮಾಡಿದ. ಡಬ್ಬಕ್ಕೆ ವಿಭೂತಿ ಬಳಿದು, ನಡುವೆ ಕುಂಕುಮವಿಟ್ಟ. ಫಲ ಕಂಡಿತು. ಗಿಡದ ಹತ್ತಿರ ಸುಳಿದ ಜಯಕ್ಕನ ಕೈ ಕುಂಕುಮ ಕಂಡೊಡನೆ ದಾರಿ ಬದಲಿಸಿ ಕೆನ್ನೆಗೆ ಹೋಗಿ ತಟ್ಟಿಕೊಳ್ಳುತ್ತಿತ್ತು. ನೀರು ಹಾಕಿದಾಗೆಲ್ಲ ಕುಂಕುಮ ತೊಳೆದುಹೋಗುತ್ತಿತ್ತು, ಅವನು ಮತ್ತೆ ಇಡುತ್ತಿದ್ದ.

ಒಂದು ದಿನ ಹಳೆಯ ಡ್ರೈವರೊಬ್ಬನ ಮನೆಯ ಗೃಹಪ್ರವೇಶಕ್ಕೆ ಚಿತ್ರದುರ್ಗಕ್ಕೆ ಹೋಗಬೇಕಾಯಿತು. ಗಡಿಬಿಡಿಯಲ್ಲಿ ನೀರು ಹಾಕಿದ, "ರೈಟ್" ಅಂದ, ಹೊರಟ. ಕುಂಕುಮ ಮರೆತ.

ಸಂಜೆ ಬಂದಾಗ ಜಯಕ್ಕನೂ ಓಬಳೇಶಪ್ಪನ ಹೆಂಡತಿ ದ್ಯಾಮಮ್ಮನೂ ಜಗಲಿಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ಹಿರಿಯೂರು ಕಡೆಯ ಯಾವುದೋ ಸಂಬಂಧ ಮುರಿದ ಕಥೆ ರಂಗೇರಿತ್ತು. ಡಬ್ಬದಲ್ಲಿ ಬರೀ ಮಣ್ಣಿತ್ತು. ಅದೂ ಎಂಥ ಮಣ್ಣು! ಕೈಯಾಡಿಸಿ, ಹೆಂಟೆ ಒಡೆದು, ಇನ್ನೇನು ಬೀಜ ಬಿತ್ತಬೇಕು ಅನ್ನುವ ಹದ.

"ಅಕ್ಕಾ... ಗಿಡ?"

ಜಯಕ್ಕ ಡಬ್ಬ ನೋಡಿದಳು. ತನ್ನ ಕೈ ನೋಡಿಕೊಂಡಳು. ಉಗುರು ತುಂಬ ಮಣ್ಣು.

"ಅಯ್ಯೋ ಶಿವನೇ! ನಾನಲ್ಲ ಕಣೋ! ಆ ಹುಡುಗಿ ಒಲ್ಲೆ ಅಂದ್ಲು ಅನ್ನೋ ಮಾತಿನಾಗೆ ನಾನಿದ್ದೆ. ಇದು ಕೈ ಮಾಡಿದ ಕೆಲಸ."

"ಬೇರು ಎಲ್ಲಿ?"

"ಕೈ ಎಲ್ಲಿ ಹಾಕ್ತೈತೋ ಅಲ್ಲಿ. ಬೇರಿಗೆ ಬಿಸಿಲು ತೋರಿಸಬೇಕು, ತಲೆಗೆ ತೋರಿಸಬಾರದು. ಇಲ್ಲಾಂದ್ರೆ ಮತ್ತೆ ಹುಟ್ತೈತೆ."

ಧರ್ಮಪುರದ ಕ್ರಮವದು. ಗೆಡ್ಡೆ ಬೇರನ್ನು ಕುಡುಗೋಲಿನಿಂದ ಕೊಚ್ಚಿ ಒಣಗಲು ಎಸೆಯಬೇಕು. ತಲೆಯನ್ನು ಚಿವುಟಿ ಮುಖ ಕೆಳಗೆ ಮಾಡಿ ನೆರಳಿಗೆ ಬಿಸಾಡಬೇಕು. ತಲೆಗಳು ಸೌದೆ ಒಟ್ಟಿನ ಹಿಂದಕ್ಕೆ ಹೋಗಿದ್ದವು. ಬೇರು ಬಚ್ಚಲ ತಗಡಿನ ಮೇಲೆ ಕಾದು ಹಪ್ಪಳವಾಗಿತ್ತು. ತಲೆ ಯಾರಿಗೆ ಬೇಕು? ಓಬಳೇಶಪ್ಪ ಏಣಿ ಹತ್ತಿ ಬೇರಿನ ಚೂರುಗಳನ್ನು ಪಂಚೆಯಲ್ಲಿ ಕಟ್ಟಿಕೊಂಡು ಬಂದು ಮತ್ತೆ ಡಬ್ಬದಲ್ಲಿ ಹುಗಿದ.

ಮರುದಿನ ಬೆಳಿಗ್ಗೆಯೇ ಎಸ್‌ಟಿಡಿ ಬೂತಿನವನು ಫೋನು ಬಂದಿದೆಯೆಂದು ಕರೆದ. ಹಿರಿಯೂರಿನಿಂದ ಮಹಮೂದಾ.

"ಗಂಡು ಮಗು ಆಯ್ತು, ಓಬಳೇಶಣ್ಣ. ಗಿಡ ಹೆಂಗೈತೆ?"

ಓಬಳೇಶಪ್ಪ ಸುಳ್ಳು ಹೇಳುವವನಲ್ಲ. "ಬಿಸಿಲು ಕಾಯಿಸ್ಕಂಡು ಈಗ ಒಳಗೋಗೈತೆ, ತಂಗಿ," ಎಂದ. ಅಕ್ಷರಶಃ ನಿಜ. ಆದರೂ ಅವತ್ತು ಅನ್ನ ಸೇರಲಿಲ್ಲ.

"ಇದನ್ನ ಬದುಕಿಸಿಯೇ ನಾನು ಊರಿಗೆ ಹೋಗೋದು," ಎಂದು ಜಯಕ್ಕ ಶಪಥ ಮಾಡಿದಳು. ಜನ್ಮದಲ್ಲಿ ಮೊದಲ ಸಲ ಅವಳು ಜೇಕಿಗೆ ನೀರೆರೆದಳು. ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಡಬ್ಬದ ಮುಂದೆ ಕುಳಿತು ಅಂಗಲಾಚಿದಳು.

"ಬಾರೋ ನನ್ನಪ್ಪ. ಹೊಲದಾಗೆ ಕರೀದೇ ಬರ್ತಿದ್ದೆ. ಬೈದ್ರೂ ಬರ್ತಿದ್ದೆ. ಈಗ ಕೈ ಮುಗೀತೀನಿ, ಬಾರೋ."

ಬರಲಿಲ್ಲ. ಅವಳು ಬೈದೂ ನೋಡಿದಳು. "ನಿನ್ನ ವಂಶ ಹಾಳಾಗ!" ಎಂದಳು. ಆ ವಂಶ ಹಾಳಾಗಿರುವುದೇ ತೊಂದರೆಯೆಂದು ನೆನಪಾಗಿ ಕಣ್ಣೊರೆಸಿಕೊಂಡಳು.

ಓಬಳೇಶಪ್ಪ ಗಣಪನ ಮುಂದೆ ನಿಂತು ಹರಕೆ ಹೊತ್ತ. "ಅಪ್ಪಾ, ಆ ಗಿಡ ಉಳಿಸಿಕೊಡು. ನಿನ್ನ ಗುಡಿ ಸುತ್ತಲ ಜೇಕನ್ನೆಲ್ಲ ನನ್ನ ಕೈಯಾರ ಕೀಳ್ತೀನಿ." ಒಂದು ಜೇಕನ್ನು ಉಳಿಸಲು ನೂರು ಜೇಕನ್ನು ಬಲಿಕೊಡುವ ಹರಕೆ! ದೇವರು ಇದನ್ನು ಯಾವ ಲೆಕ್ಕಕ್ಕೆ ಬರೆದುಕೊಂಡನೋ.

ಬಾಣಂತನ ಮುಗಿಯಿತು. ಮಹಮೂದಾ ಬೆಳಗಿನ ಬಸ್ಸಿಗೆ ಬಂದಿಳಿದದ್ದನ್ನು ದ್ಯಾಮಮ್ಮ ಓಡಿಬಂದು ಹೇಳಿದಳು. ಓಬಳೇಶಪ್ಪ ಮಣ್ಣಿನ ಡಬ್ಬವನ್ನು ಎದೆಗೊತ್ತಿಕೊಂಡು ಎದ್ದ. ಇನ್ನು ಹೋಗಿ ಹೇಳಿಬಿಡುವುದೇ ಸರಿ. ಅಷ್ಟರಲ್ಲಿ ಹಿತ್ತಲ ಗೋಡೆಯಾಚೆಯಿಂದ ಕೂಗು ಕೇಳಿತು.

"ಓಬಳೇಶಣ್ಣಾ! ಏನ್ರಿ ಇದು!"

ಬಟ್ಟೆ ಒಣಗಿಸಲು ಬಂದ ಮಹಮೂದಾ ಗೋಡೆಯ ಮೇಲಿಂದ ಇತ್ತ ಬಗ್ಗಿ ನೋಡುತ್ತಿದ್ದಳು. ಓಬಳೇಶಪ್ಪ ಕಣ್ಣು ಮುಚ್ಚಿಕೊಂಡು ಒಂದೇ ಉಸಿರಿಗೆ ಸ್ಟಾಪುಗಳ ಹೆಸರು ಕೂಗುವವನಂತೆ ಹೇಳಿದ:

"ತಪ್ಪಾಯ್ತು ತಂಗಿ, ಕುಂಕುಮ ಮರ್ತೆ, ದುರ್ಗಕ್ಕೆ ಹೋದೆ, ಅಕ್ಕ ಕಿತ್ತಾಕಿದ್ಲು, ಅಕ್ಕ ಅಲ್ಲ ಅಕ್ಕನ ಕೈ, ಬೇರು ಕೊಚ್ಚಿ ತಗಡಿನ ಮೇಲೆ, ತಲೆ ಮುರಿದು ಸೌದೆ ಹಿಂದಕ್ಕೆ, ನಾನು ಫೋನಿನಾಗೆ ಬಿಸಿಲು ಅಂದೆ, ನಿಮ್ಮ ಅಮ್ಮಿ ನೆನಪು ಹಾಳು ಮಾಡಿದೆ!"

ಜಯಕ್ಕ ಮುಂದೆ ಬಂದು ಎರಡೂ ಕೈ ಚಾಚಿದಳು. "ಹೊಡಿಯಮ್ಮ. ಇವಕ್ಕೇ ಹೊಡಿ."

ಮಹಮೂದಾ ನಗುತ್ತಿದ್ದಳು. ನಗುತ್ತ ನಗುತ್ತ ಗೋಡೆ ಹಿಡಿದುಕೊಂಡಳು. "ಹಾಳೆಲ್ಲಿ ಆಗೈತೆ ಅಣ್ಣ? ಇಲ್ಲಿ ಬಂದು ನೋಡ್ರಿ!"

ಸೌದೆ ಒಟ್ಟಿನ ಹಿಂದೆ, ಗೋಡೆಯ ಬುಡದಲ್ಲಿ, ಎಮ್ಮೆಗೆ ಕಲಗಚ್ಚು ಹಾಕುತ್ತಿದ್ದ ಹಳೆಯ ಕಲ್ಲುಬಾನಿ ಇತ್ತು. ಎಮ್ಮೆ ಮಾರಿ ವರ್ಷಗಳಾಗಿದ್ದವು. ಆದರೂ ದ್ಯಾಮಮ್ಮ ಅಕ್ಕಿ ತೊಳೆದ ನೀರನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತೇ, ನೋಡದೆ, ಒಟ್ಟಿನ ಮೇಲಿಂದ ಅತ್ತ ಎರಚುತ್ತಿದ್ದಳು. ಗುರಿ ಒಂದು ದಿನವೂ ತಪ್ಪಿರಲಿಲ್ಲ. ಆ ಬಾನಿಯ ತುಂಬ ನೀರು. ನೀರಿನಲ್ಲಿ ಜಯಕ್ಕ ಎಸೆದ ತಲೆಗಳು ಮಕಾಡೆ ಬಿದ್ದಿದ್ದವು. ಒಂದೊಂದು ತಲೆಯ ನಡುವಿನಿಂದಲೂ ಬಿಳಿಯ ಬೇರು ಕೆಳಕ್ಕೆ, ಹಸಿರು ಮರಿಗಳು ಮೇಲಕ್ಕೆ. ಒಂದು ಡಬ್ಬದಲ್ಲಿದ್ದ ಗಿಡ ಒಂದು ಬಾನಿ ತುಂಬ ಪುಟ್ಟ ಪುಟ್ಟ ಛತ್ರಿ ಹಿಡಿದು ನಿಂತಿತ್ತು.

"ತಲೆ ಕತ್ತರಿಸಿ ನೀರಿಗೆ ಬೋರಲು ಹಾಕಿದ್ರೆ ಮರಿ ಬರ್ತೈತೆ ಅಂತ ಅಮ್ಮಿ ಹೇಳ್ತಿದ್ರು," ಎಂದಳು ಮಹಮೂದಾ. "ಇರೋದೊಂದೇ ಗಿಡ, ಕತ್ತರಿ ಹಾಕಾಕೆ ನಂಗೆ ಧೈರ್ಯ ಬಂದಿರಲಿಲ್ಲ. ಜಯಕ್ಕಾ, ನಿಮಗೆ ಯಾರು ಹೇಳಿಕೊಟ್ರು?"

ಜಯಕ್ಕ ಚಾಚಿದ ಕೈಗಳನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು. ತಿರುಗಿಸಿ ತಿರುಗಿಸಿ ನೋಡಿದಳು. "ಯಾರೂ ಇಲ್ಲಮ್ಮ. ಸಾಯಲಿ ಅಂತ ಹಾಕಿದ್ದು," ಎಂದಳು.

ಒಳ್ಳೆಯ ಮರಿಗಳನ್ನು ಆರಿಸಿ ಅದೇ ತುಪ್ಪದ ಡಬ್ಬದಲ್ಲಿ ನೆಟ್ಟರು. ಮಹಮೂದಾ ಅದನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋದಳು. ಅಸ್ಫಿಯಾಗೆ ಒಂದು ಮರಿ ಎತ್ತಿಟ್ಟಳು. ಜಯಕ್ಕನಿಗೂ ಒಂದು ಕೊಡಲು ಹೋದಾಗ ಅವಳು ಮೂರು ಹೆಜ್ಜೆ ಹಿಂದಕ್ಕೆ ಸರಿದು, "ಊರಾಗೆ ತಲೆ ಎತ್ತಿ ತಿರುಗಬೇಕಲ್ಲಮ್ಮ," ಎಂದಳು.

ಹರಕೆ ಉಳಿದಿತ್ತು. ಮಾರನೆಯ ಬೆಳಿಗ್ಗೆ ಓಬಳೇಶಪ್ಪ ಗಣಪನ ಗುಡಿಯ ಹಿಂದೆ ಕುಕ್ಕರಗಾಲಲ್ಲಿ ಕುಳಿತು ಮೊದಲ ಜೇಕನ್ನು ಕಿತ್ತ. ಕಿತ್ತು ಕೈಯಲ್ಲಿ ಹಿಡಿದ. ಎಸೆಯಲು ಮನಸ್ಸಾಗಲಿಲ್ಲ. ಬೇರು ಕೆಳಗಾದರೆ ಬದುಕುತ್ತದೆ. ತಲೆ ಕೆಳಗಾದರೂ ಬದುಕುತ್ತದೆಯಲ್ಲ! ಹಾಗಾದರೆ ಇದನ್ನು ಯಾವ ಕಡೆಯಿಂದ ಇಡುವುದು? ಒಮ್ಮೆ ನೆಟ್ಟಗೆ ಹಿಡಿದ, ಒಮ್ಮೆ ಬೋರಲು ಹಿಡಿದ.

ಊರಿಗೆ ಹೊರಡುವ ಮುಂಚೆ ಕೈ ಮುಗಿಯಲು ಬಂದ ಜಯಕ್ಕ ಅವನನ್ನು ನೋಡಿ ನಿಂತಳು.

"ಹೆಂಗಾದ್ರೂ ಹಾಕೋ, ಓಬಳೇಶ. ಅವನು ಬೇಕು ಅಂದ್ರೆ ಬರ್ತೈತೆ," ಎಂದು ಗಣಪನ ಕಡೆ ಗದ್ದವೆತ್ತಿ ತೋರಿಸಿದಳು. ಹಾಗೆ ಹೇಳುತ್ತ ಹೇಳುತ್ತಲೇ ತಮ್ಮನ ಪಕ್ಕ ಕುಳಿತಿದ್ದಳು. ಕೈ ಆಗಲೇ ಕೆಲಸ ಶುರುಮಾಡಿತ್ತು.

ಓಬಳೇಶಪ್ಪ ಜೇಕನ್ನು ಅಡ್ಡಡ್ಡ ಮಲಗಿಸಿದ. ತೀರ್ಮಾನ ದೇವರಿಗೆ ಬಿಟ್ಟ.

"ರೈಟ್," ಎಂದ.

ಗುಡಿಯೊಳಗೆ ಪೂಜಾರಿ ಆರತಿ ತಟ್ಟೆ ಕೆಳಗಿಟ್ಟ ಸದ್ದು ಕೇಳಿತು.